ಮುಂಬೈ ನೀರಿನಡಿಯ ಉಸಿರಿನ ಲೆಕ್ಕ

ಮುಂಬೈಯ ಕಡಲು ಮುಳುಗಿ ನೋಡುವವರ ಕಡಲಲ್ಲ. ಠಾಣೆ ಖಾರಿಯಿಂದ ಇಳಿದು ಬರುವ ಹೂಳು, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಐದು ಮೀಟರಿನ ಆಸುಪಾಸು ಏರಿ ಇಳಿಯುವ ನೀರು, ಮಹಾನಗರದ ಕೊಳೆ ಎಲ್ಲ ಸೇರಿ ಬಂದರಿನ ನೀರನ್ನು ಸದಾ ಕದಡಿಟ್ಟಿರುತ್ತವೆ. ಕೆಳಗಿಳಿದವನಿಗೆ ತನ್ನ ಕೈಯೇ ಕಾಣದು. ಹವಳ, ಬಣ್ಣದ ಮೀನು ನೋಡುವ ಆಸೆಯಿದ್ದವರು ಮಾಲ್ವಣಕ್ಕೋ ಮುರ್ಡೇಶ್ವರದಾಚೆಯ ನೇತ್ರಾಣಿಗೋ ಕೊಂಕಣ ರೈಲು ಹತ್ತುತ್ತಾರೆ.

ಆದರೂ ನೀರಿನಡಿಯಲ್ಲಿ ಉಸಿರಾಡುವ ವಿದ್ಯೆಯೊಂದಿಗೆ ಈ ಊರಿಗೆ ಇರುವಷ್ಟು ಹಳೆಯ, ಹಲವು ಎಳೆಗಳ ನಂಟು ದೇಶದ ಕಡಿಮೆ ಊರುಗಳಿಗಿದೆ. ಮುತ್ತಿನ ವ್ಯಾಪಾರ, ಡಾಕು, ಮುಳುಗಿದ ಚಿನ್ನ, ನೌಕಾಪಡೆ, ತೈಲಬಾವಿ ಹೀಗೆ ಕಾಲಕಾಲಕ್ಕೆ ಮುಂಬೈ ಮನುಷ್ಯರನ್ನು ನೀರಿಗಿಳಿಸಿದೆ, ಇಲ್ಲವೇ ನೀರಿಗಿಳಿದವರ ದುಡಿಮೆಯ ಮೇಲೆ ಬೆಳೆದಿದೆ. ಕೆಳಗೆ ಎಷ್ಟು ಹೊತ್ತು ಇರಬಹುದು, ಅದಕ್ಕೆ ಯಾರು ಏನು ತೆರಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲವೂ ಒಂದೊಂದು ಉತ್ತರ ಕೊಟ್ಟಿತು. ಇಂದು ಹವ್ಯಾಸಕ್ಕಾಗಿ ಕ್ಲೋಸ್ಡ್ ಸರ್ಕ್ಯೂಟ್ ರೀಬ್ರೀದರ್, ಅಂದರೆ ಬಿಟ್ಟ ಉಸಿರನ್ನೇ ಶುದ್ಧಿ ಮಾಡಿ ಮತ್ತೆ ಉಸಿರಾಡಿಸುವ ಯಂತ್ರ, ಕೊಳ್ಳಲು ಹೊರಟ ಮುಂಬೈಯ ಮುಳುಗುಗಾರ ಬೆಲೆಪಟ್ಟಿ ಹಿಡಿದು ಕೂತಾಗ ಆ ಹಳೆಯ ಲೆಕ್ಕವನ್ನೇ ಮುಂದುವರಿಸುತ್ತಿರುತ್ತಾನೆ.

ಮೊದಲ ಲೆಕ್ಕ ಬರಿಯ ಎದೆಯುಸಿರಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪರ್ಷಿಯನ್ ಕೊಲ್ಲಿಯ ಮುತ್ತಿಗೆ ಬೊಂಬಾಯಿಯೇ ದೊಡ್ಡ ಪೇಟೆ. ಕನ್ನಡದ ಮನೆಗಳಲ್ಲಿ ಬಸರಾ ಮುತ್ತು ಎಂದು ಒಡವೆಪೆಟ್ಟಿಗೆಯಲ್ಲಿ ಜೋಪಾನವಾಗಿದ್ದ ಮುತ್ತು ಬಹರೈನ್, ಕುವೈತ್, ಕತಾರಿನ ಚಿಪ್ಪುಗಳಿಂದ ಬಂದು, ಬೊಂಬಾಯಿಯಲ್ಲಿ ತೂಗಿ, ವಿಂಗಡಿಸಿ, ತೂತು ಕೊರೆಸಿಕೊಂಡು ಮುಂದೆ ಸಾಗುತ್ತಿತ್ತು. 1912ರಲ್ಲಿ ಪ್ಯಾರಿಸ್ಸಿನ ಒಡವೆ ವ್ಯಾಪಾರಿ ಮನೆತನದ ಜಾಕ್ ಕಾರ್ಟಿಯರ್ ನೇರ ಖರೀದಿಯ ದಾರಿ ಹುಡುಕಿಕೊಂಡು ಬಹರೈನಿಗೇ ಹೋಗಿದ್ದ. ಆ ಮುತ್ತು ತೆಗೆದವರ ಬಳಿ ಇದ್ದ ಸಲಕರಣೆ ಮೂಗಿಗೆ ಸಿಕ್ಕಿಸುವ ಚಿಮುಟ, ಕಾಲಿಗೆ ಕಟ್ಟುವ ಕಲ್ಲು, ಚಿಪ್ಪು ತುಂಬುವ ಬುಟ್ಟಿ, ಇಷ್ಟೇ. ಒಂದು ಮುಳುಗಿಗೆ ಒಂದು ನಿಮಿಷ, ಒಂದೂವರೆ ನಿಮಿಷ; ಬೇಸಿಗೆಯ ನಾಲ್ಕು ತಿಂಗಳು ದಿನಕ್ಕೆ ಹತ್ತಾರು ಸಲ.

ಯಂತ್ರವಿಲ್ಲದ್ದರಿಂದ ಯಂತ್ರದ ಖರ್ಚೂ ಇರಲಿಲ್ಲ. ಖರ್ಚೆಲ್ಲ ಮುಳುಗುಗಾರನ ಮೈಮೇಲೆ ಬೀಳುತ್ತಿತ್ತು. ಬೊಂಬಾಯಿಯ ಸಾಹುಕಾರರ ಬಂಡವಾಳ ಕೊಲ್ಲಿಯ ವ್ಯಾಪಾರಿಗಳಿಗೆ, ಅವರಿಂದ ದೋಣಿಯ ನಾಖುದನಿಗೆ, ನಾಖುದನಿಂದ ಮುಳುಗುಗಾರನಿಗೆ ಮುಂಗಡವಾಗಿ ಇಳಿಯುತ್ತಿತ್ತು. ತೀರದ ಸಾಲ ಅಪ್ಪನಿಂದ ಮಗನಿಗೆ ದಾಟುತ್ತಿತ್ತು. ಜಪಾನಿನ ಮಿಕಿಮೊಟೊ ಬೆಳೆಸಿದ ಸಾಕಣೆ ಮುತ್ತು, 1929ರ ನಂತರದ ಆರ್ಥಿಕ ಕುಸಿತ ಎರಡೂ ಸೇರಿ ಆ ವ್ಯಾಪಾರವನ್ನು ಮುರಿದವು.

ಅಷ್ಟರಲ್ಲಿ ಬೊಂಬಾಯಿಯ ದಡವೇ ಬದಲಾಗಿತ್ತು. 1873ರಲ್ಲಿ ಬಾಂಬೆ ಪೋರ್ಟ್ ಟ್ರಸ್ಟ್ ಸ್ಥಾಪನೆಯಾಯಿತು. 1880ರಲ್ಲಿ ಪ್ರಿನ್ಸೆಸ್ ಡಾಕ್, 1888ರಲ್ಲಿ ವಿಕ್ಟೋರಿಯಾ ಡಾಕ್, 1914ರಲ್ಲಿ ಇಂದು ಇಂದಿರಾ ಡಾಕ್ ಎನಿಸಿಕೊಂಡಿರುವ ಅಲೆಕ್ಸಾಂಡ್ರಾ ಡಾಕ್ ತೆರೆದವು. ಪ್ರಿನ್ಸೆಸ್ ಡಾಕಿಗಾಗಿ ಅಗೆದಾಗ ಹೂಳಿನಡಿಯಲ್ಲಿ ಮುಳುಗಿಹೋಗಿದ್ದ ಹಳೆಯ ಕಾಡೊಂದರ ಮರಗಳೇ ಸಿಕ್ಕವು. ನಿಂತಲ್ಲೇ ನಿಂತ ಕಗ್ಗಲಿ ಮರಗಳ ಬೊಡ್ಡೆಗಳು ದ್ವೀಪದ ನೆಲ ಒಂದು ಕಾಲದಲ್ಲಿ ಕುಸಿದಿತ್ತೆಂಬುದಕ್ಕೆ ಸಾಕ್ಷಿಯಾದವು.

ಡಾಕು ಎಂದ ಮೇಲೆ ಬಾಗಿಲು, ಹೊಸ್ತಿಲು, ಗೋಡೆಯ ಬುಡ, ಹಡಗಿನ ತಳ ಇವೆಲ್ಲ ನೀರಿನಡಿಯ ಕೆಲಸ. ಆ ಕಾಲದ ಬಂದರುಗಳಲ್ಲಿ ಇಂಥ ಕೆಲಸಕ್ಕೆ ಇಳಿಯುತ್ತಿದ್ದದ್ದು ತಾಮ್ರದ ಶಿರಸ್ತ್ರಾಣ, ಸೀಸದ ಬೂಟು, ಕ್ಯಾನ್ವಾಸಿನ ಅಂಗಿ ತೊಟ್ಟ ಮುಳುಗುಗಾರ. 1830ರ ದಶಕದಲ್ಲಿ ಆಗಸ್ಟಸ್ ಸೀಬೆ ರೂಪಿಸಿದ ಈ ಉಡುಗೆಗೆ ಮೇಲಿನಿಂದ ಕೈಪಂಪಿನಲ್ಲಿ ಗಾಳಿ ಒತ್ತಬೇಕು. ಒಬ್ಬ ಕೆಳಗಿದ್ದರೆ ಪಂಪಿಗೆ, ಹಗ್ಗಕ್ಕೆ, ಕೊಳವೆಗೆ ಮೇಲೆ ಹಲವರು ಬೇಕು. ಉಸಿರಿನ ಖರ್ಚು ಒಂದು ಮೈಯಿಂದ ಹಲವು ಕೈಗಳಿಗೆ ಹಂಚಿಹೋಯಿತು. ಕೊಳವೆ ಎಷ್ಟು ಉದ್ದವೋ ಅಷ್ಟೇ ಅವನ ಲೋಕ.

ಕೊಳವೆಯನ್ನೇ ಕತ್ತರಿಸಿಹಾಕಿದ ಪ್ರಯೋಗವೂ ಪ್ರಿನ್ಸೆಸ್ ಡಾಕ್ ತೆರೆದ 1880ರಲ್ಲೇ ಬ್ರಿಟನ್ನಿನಲ್ಲಿ ನಡೆಯಿತು. ಸೆವರ್ನ್ ನದಿಯ ಕೆಳಗೆ ಕೊರೆಯುತ್ತಿದ್ದ ರೈಲು ಸುರಂಗಕ್ಕೆ ನೀರು ನುಗ್ಗಿತ್ತು. ಒಳಗೆ ಸುಮಾರು 300 ಮೀಟರು ದೂರದ ಕಬ್ಬಿಣದ ಬಾಗಿಲು ಮುಚ್ಚಿದರಷ್ಟೇ ನೀರೆತ್ತಲು ಸಾಧ್ಯ. ಕೊಳವೆ ಎಳೆದುಕೊಂಡು ಹೋದ ಅಲೆಕ್ಸಾಂಡರ್ ಲ್ಯಾಂಬರ್ಟ್ ಅರ್ಧದಲ್ಲೇ ಮರಳಿದ. ಕೊಳವೆ ಸುರಂಗದ ಚಾವಣಿಗೆ ತೇಲಿ ಉಜ್ಜುತ್ತಿತ್ತು. ಆಗ ಅವನು ಬೆನ್ನಿಗೇರಿಸಿದ್ದು ಹೆನ್ರಿ ಫ್ಲೂಸ್ ಆಗಷ್ಟೇ ಕಂಡುಹಿಡಿದಿದ್ದ ಸಲಕರಣೆ: ಒಂದು ಆಮ್ಲಜನಕದ ಬುರುಡೆ, ಒಂದು ಚೀಲ, ಕಾಸ್ಟಿಕ್ ಪೊಟ್ಯಾಶಿನಲ್ಲಿ ಅದ್ದಿದ ಹಗ್ಗದ ನಾರು. ಬಿಟ್ಟ ಉಸಿರಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಆ ನಾರು ಹೀರುತ್ತದೆ, ಕಡಿಮೆಯಾದ ಆಮ್ಲಜನಕವನ್ನು ಬುರುಡೆ ತುಂಬುತ್ತದೆ, ಅದೇ ಉಸಿರು ಮತ್ತೆ ಮೂಗಿಗೆ ಬರುತ್ತದೆ. ಲ್ಯಾಂಬರ್ಟ್ ಕತ್ತಲಲ್ಲಿ ನಡೆದು ಬಾಗಿಲು ಮುಚ್ಚಿ ಬಂದ. ಇಂದಿನ ಎಲ್ಲ ರೀಬ್ರೀದರುಗಳ ಮೂಲತತ್ವ ಅಷ್ಟೇ.

ಈ ತತ್ವಕ್ಕೆ ಬೊಂಬಾಯಿಯ ಚಿನ್ನದ ನಂಟು ಬಿದ್ದದ್ದು ನಲವತ್ತು ವರ್ಷಗಳ ನಂತರ. 1922ರ ಮೇ 20ರಂದು ಲಂಡನ್ನಿನಿಂದ ಬೊಂಬಾಯಿಗೆ ಹೊರಟಿದ್ದ ಪಿ ಅಂಡ್ ಓ ಕಂಪನಿಯ 'ಈಜಿಪ್ಟ್' ಹಡಗು ಫ್ರಾನ್ಸಿನ ಉಷಾಂಟ್ ದ್ವೀಪದ ಬಳಿ ಮಂಜಿನಲ್ಲಿ ಬೇರೊಂದು ಹಡಗಿಗೆ ಸಿಕ್ಕಿ ಮುಳುಗಿತು. ಒಳಗಿದ್ದದ್ದು 10 ಲಕ್ಷ ಪೌಂಡಿಗೂ ಹೆಚ್ಚು ಬೆಲೆಯ ಚಿನ್ನ, ಬೆಳ್ಳಿ. ಆಳ 120 ಮೀಟರಿಗೂ ಹೆಚ್ಚು. ಅಂದಿನ ಯಾವ ಶಿರಸ್ತ್ರಾಣದ ಮುಳುಗುಗಾರನೂ ಅಲ್ಲಿ ದುಡಿಯಲಾರ. ಇಟಲಿಯ ಸೊರಿಮಾ ಕಂಪನಿ 'ಆರ್ಟಿಲಿಯೊ' ಹಡಗಿನಲ್ಲಿ ವರ್ಷಗಟ್ಟಲೆ ಹುಡುಕಿ 1930ರಲ್ಲಿ ಅವಶೇಷವನ್ನು ಪತ್ತೆಮಾಡಿತು. ಮುಖ್ಯ ಮುಳುಗುಗಾರ ಆಲ್ಬರ್ಟೊ ಜಿಯಾನಿ ಉಕ್ಕಿನ ವೀಕ್ಷಣಾ ಗೋಪುರವೊಂದನ್ನು ಬಳಕೆಗೆ ತಂದ. ಅದರೊಳಗೆ ಮನುಷ್ಯ ಸಾಧಾರಣ ಒತ್ತಡದಲ್ಲೇ ಕುಳಿತು, ಆಮ್ಲಜನಕ ತುಂಬಿಸಿಕೊಳ್ಳುತ್ತ, ಬಿಟ್ಟ ಉಸಿರನ್ನು ಶುದ್ಧಿ ಮಾಡಿಕೊಳ್ಳುತ್ತ, ಮೇಲಿನ ಕ್ರೇನಿಗೆ ದೂರವಾಣಿಯಲ್ಲಿ ದಾರಿ ಹೇಳುತ್ತಿದ್ದ.

ಬೆಲೆ ದೊಡ್ಡದಾಯಿತು. 1930ರ ಡಿಸೆಂಬರಿನಲ್ಲಿ ಬೇರೊಂದು ಮುಳುಗಿದ ಹಡಗಿನ ಸ್ಫೋಟಕ ಸಿಡಿದು ಆರ್ಟಿಲಿಯೊ ನಾಶವಾಯಿತು, ಜಿಯಾನಿಯೂ ಸತ್ತ. ಎರಡನೆಯ ಆರ್ಟಿಲಿಯೊ ಕೆಲಸ ಮುಂದುವರಿಸಿ 1932ರ ಜೂನ್ 22ರಂದು ಮೊದಲ ಚಿನ್ನ ಮೇಲೆತ್ತಿತು. ಅದಕ್ಕೂ ಮೊದಲು ಕ್ರೇನಿನ ಹಿಡಿಗೆ ಬಂದ ವಸ್ತುಗಳಲ್ಲಿ ಹೈದರಾಬಾದ್ ನಿಜಾಮರ ಸರ್ಕಾರಕ್ಕೆಂದು ಮುದ್ರಿಸಿದ್ದ ರೂಪಾಯಿ ನೋಟುಗಳೂ ಇದ್ದವು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ರಾಜ್ಯದಲ್ಲಿದ್ದವು. ಅಲ್ಲಿನ ಸಂತೆಗಳಲ್ಲಿ ಕೈ ಬದಲಾಯಿಸಬೇಕಿದ್ದ ನೋಟು ಹತ್ತು ವರ್ಷ ಅಟ್ಲಾಂಟಿಕ್ ತಳದಲ್ಲಿ ಬಿದ್ದಿತ್ತು.

ಚಿನ್ನ ಬೊಂಬಾಯಿಯ ನೀರಿಗೇ ಬಿದ್ದದ್ದು 1944ರ ಏಪ್ರಿಲ್ 14ರಂದು. ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ 'ಫೋರ್ಟ್ ಸ್ಟೈಕಿನ್' ಹಡಗಿನಲ್ಲಿ ಹತ್ತಿ ಮೂಟೆ, ಸುಮಾರು 1,400 ಟನ್ ಸ್ಫೋಟಕ, 31 ಪೆಟ್ಟಿಗೆ ಚಿನ್ನದ ಗಟ್ಟಿ ಒಟ್ಟಿಗೇ ಇದ್ದವು. ಹತ್ತಿಗೆ ಹಿಡಿದ ಬೆಂಕಿ ಸಂಜೆ ನಾಲ್ಕರ ಸುಮಾರಿಗೆ ಸ್ಫೋಟಕಕ್ಕೆ ತಗುಲಿತು. ಎರಡು ಸ್ಫೋಟಗಳಲ್ಲಿ ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ದೇಶ ಇಂದಿಗೂ ಆ ದಿನದಿಂದ ಅಗ್ನಿಶಾಮಕ ಸಪ್ತಾಹ ಆಚರಿಸುತ್ತದೆ. ಸುತ್ತಲಿನ ಹತ್ತಕ್ಕೂ ಹೆಚ್ಚು ಹಡಗುಗಳು ಮುಳುಗಿದವು. ಡಾಕುಗಳನ್ನು ಮತ್ತೆ ನಡೆಸಲು 8,000 ಜನ ಏಳು ತಿಂಗಳು ದುಡಿದು ಸುಮಾರು ಐದು ಲಕ್ಷ ಟನ್ ಅವಶೇಷ ತೆಗೆದರು. ಆದರೂ ಎಲ್ಲ ಸಿಗಲಿಲ್ಲ. ಹೂಳೆತ್ತುವಾಗ ಚಿನ್ನದ ಗಟ್ಟಿ ಸಿಕ್ಕಿದ್ದು 2011ರಲ್ಲೂ ಸುದ್ದಿಯಾಯಿತು. ಅದೇ ವರ್ಷ ಸಿಡಿಯದೆ ಉಳಿದಿದ್ದ ಶೆಲ್ಲೊಂದೂ ಬಂದಿತು. ಈ ಬಂದರಿನ ತಳ ಎಷ್ಟು ಕುರುಡು ಎಂಬುದನ್ನು ಇದಕ್ಕಿಂತ ಬೇರೆ ಹೇಳಬೇಕಿಲ್ಲ.

ಆಮ್ಲಜನಕದ ರೀಬ್ರೀದರು ಆಗ ನಡೆಯುತ್ತಿದ್ದ ಎರಡನೆಯ ಮಹಾಯುದ್ಧದಲ್ಲೇ ಪ್ರಬುದ್ಧವಾಯಿತು. ಗುಳ್ಳೆ ಬಿಡದೆ ಶತ್ರುವಿನ ಬಂದರಿಗೆ ನುಗ್ಗಬಹುದಿತ್ತು. ಜತೆಗೇ ಅದರ ವಿಷವೂ ತಿಳಿಯಿತು. 1939ರಲ್ಲಿ 'ಥೀಟಿಸ್' ಜಲಾಂತರ್ಗಾಮಿ ಮುಳುಗಿ 99 ಜನ ಸತ್ತ ಬಳಿಕ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಒತ್ತಡದ ಕೋಣೆಯಲ್ಲಿ ತನ್ನ ಮೈಯನ್ನೇ ಪ್ರಯೋಗಕ್ಕೊಡ್ಡಿದರು. ಒತ್ತಡದಲ್ಲಿ ಶುದ್ಧ ಆಮ್ಲಜನಕ ಸೆಳವು ತರುತ್ತದೆ; ಅಂಥದೊಂದು ಸೆಳವಿನಲ್ಲಿ ಅವರ ಬೆನ್ನುಮೂಳೆಗೇ ಪೆಟ್ಟಾಯಿತು. ಅದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು. ಶುದ್ಧ ಆಮ್ಲಜನಕದ ರೀಬ್ರೀದರಿಗೆ ಇಂದಿಗೂ ಆರು ಮೀಟರಿನ ಸುಮಾರಿಗೆ ಗೆರೆ ಎಳೆದಿರುವುದು ಅಂಥ ಪ್ರಯೋಗಗಳು ಕಲಿಸಿದ ಪಾಠ.

ಮುಂಬೈಯಲ್ಲಿ ಈ ವಿದ್ಯೆಯ ವಾರಸುದಾರರು ನೀರಿನಡಿಯ ಸ್ಫೋಟಕ ತೆರವು ಮಾಡುವ ನೌಕಾಪಡೆಯ ಕ್ಲಿಯರೆನ್ಸ್ ಡೈವರುಗಳು ಮತ್ತು 1987ರಲ್ಲಿ ಹುಟ್ಟಿದ ಮಾರ್ಕೋಸ್ ಕಮಾಂಡೊಗಳು. ಆಧುನಿಕ ಕಡಲ ಮೈನು ಸದ್ದಿಗೂ ಕಬ್ಬಿಣಕ್ಕೂ ಎಚ್ಚರಗೊಳ್ಳಬಹುದಾದ್ದರಿಂದ ಗುಳ್ಳೆಯಿಲ್ಲದ, ಕಾಂತತ್ವ ಕಡಿಮೆಯಿರುವ ಸಲಕರಣೆ ಅವರಿಗೆ ಶೋಕಿಯಲ್ಲ, ಪ್ರಾಣದ ಪ್ರಶ್ನೆ. ಆದರೆ ಉಸಿರು ಎಷ್ಟೇ ಇದ್ದರೂ ಕಣ್ಣು ಸೋಲುತ್ತದೆ. 2013ರ ಆಗಸ್ಟ್ 14ರ ಮಧ್ಯರಾತ್ರಿ ನೇವಲ್ ಡಾಕ್‌ಯಾರ್ಡಿನಲ್ಲಿ 'ಸಿಂಧುರಕ್ಷಕ್' ಜಲಾಂತರ್ಗಾಮಿ ಸ್ಫೋಟಗೊಂಡು ಮುಳುಗಿ 18 ಮಂದಿ ತೀರಿಕೊಂಡಾಗ, ಕಾದು ಬಾಗಿದ ಬಾಗಿಲು, ಇಕ್ಕಟ್ಟು ಕೋಣೆ, ಏನೂ ಕಾಣದ ನೀರಿನ ನಡುವೆ ಮುಳುಗುಗಾರರು ದಿನಗಟ್ಟಲೆ ತಡಕಾಡಿದರು. ಕೊನೆಗೆ ಸುಮಾರು 240 ಕೋಟಿ ರೂಪಾಯಿ ಗುತ್ತಿಗೆಯಲ್ಲಿ ರಿಸಾಲ್ವ್ ಕಂಪನಿ 2014ರ ಜೂನಿನಲ್ಲಿ ಅದನ್ನು ಮೇಲೆತ್ತಿತು. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನ ಗುಡ್ಡ ಕುಸಿದಾಗ ಗಂಗಾವಳಿಯ ಸೆಳೆತ, ಕೆಸರಿನೆದುರು ನೌಕಾಪಡೆಯ ಮುಳುಗುಗಾರರು ಕೈಚೆಲ್ಲಬೇಕಾದದ್ದನ್ನು ಕಂಡ ಕನ್ನಡಿಗರಿಗೆ ಈ ಕಷ್ಟ ಹೊಸದಾಗಿ ವಿವರಿಸಬೇಕಿಲ್ಲ.

ಈ ಚರಿತ್ರೆಯಲ್ಲೇ ಅತಿ ದುಬಾರಿ ಉಸಿರು ಮುಂಬೈಯಿಂದ ಪಶ್ಚಿಮಕ್ಕೆ 160 ಕಿಲೋಮೀಟರು ದೂರದಲ್ಲಿದೆ. 1974ರ ಫೆಬ್ರವರಿಯಲ್ಲಿ ತೈಲ ಕೊರೆಯುವ ರಿಗ್ 'ಸಾಗರ ಸಾಮ್ರಾಟ' ಇಂದು ಮುಂಬೈ ಹೈ ಎನಿಸಿಕೊಂಡಿರುವ ಬಾಂಬೆ ಹೈನಲ್ಲಿ ತೈಲ ಕಂಡಿತು. 1976ರ ಮೇ 21ರಂದು ಉತ್ಪಾದನೆ ಆರಂಭ. ಅಲ್ಲಿನ ಆಳ ಸುಮಾರು 75 ಮೀಟರು. ಕೊಳವೆಮಾರ್ಗ, ಪ್ಲಾಟ್‌ಫಾರ್ಮಿನ ಕಾಲು ನೋಡಿಕೊಳ್ಳಲು ಆ ಆಳದಲ್ಲಿ ತಾಸುಗಟ್ಟಲೆ ದುಡಿಯಬೇಕು. ಅದಕ್ಕೆ ದಾರಿ ಸ್ಯಾಚುರೇಶನ್ ಡೈವಿಂಗ್. ಹಡಗಿನ ಮೇಲಿನ ಉಕ್ಕಿನ ಕೋಣೆಯಲ್ಲಿ ಮುಳುಗುಗಾರರು ತಳದ ಒತ್ತಡದಲ್ಲೇ ವಾರಗಟ್ಟಲೆ ಉಂಡು ಮಲಗುತ್ತಾರೆ, ಗಂಟೆಯಾಕಾರದ ತೊಟ್ಟಿಲಲ್ಲಿ ಕೆಲಸಕ್ಕಿಳಿದು ಮರಳುತ್ತಾರೆ. ಹೊರಬರಲು ದಿನಗಟ್ಟಲೆ ನಿಧಾನವಾಗಿ ಒತ್ತಡ ಇಳಿಸಬೇಕು. ಉಸಿರಾಡುವುದು ಹೀಲಿಯಂ ಬೆರೆತ ಗಾಳಿ. ಹೀಲಿಯಂ ತುಟ್ಟಿಯಾದ್ದರಿಂದ ಬಿಟ್ಟ ಉಸಿರನ್ನು ಮೇಲೆ ಸೆಳೆದು, ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಸುಣ್ಣದಲ್ಲಿ ಹಾಯಿಸಿ, ಮತ್ತೆ ಕೆಳಗೆ ಕಳಿಸುವ ವ್ಯವಸ್ಥೆ ಬಂತು. ಫ್ಲೂಸ್‌ನ ಚೀಲ ಇಲ್ಲಿ ಒಂದು ಹಡಗಿನಷ್ಟು ದೊಡ್ಡದಾಗಿದೆ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದು ಮುಂಬೈ ಮುಳುಗಿತು. ಮರುದಿನ ಸಂಜೆ 'ಸಮುದ್ರ ಸುರಕ್ಷಾ' ಎಂಬ ಕೆಲಸದ ಹಡಗು ಗಾಯಗೊಂಡ ಅಡುಗೆಯವನೊಬ್ಬನನ್ನು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ಸಾಗಿಸಲು ಹತ್ತಿರ ಬಂತು. ದೊಡ್ಡ ಅಲೆಗಳಲ್ಲಿ ಅದರ ಹೆಲಿಡೆಕ್ ಅನಿಲದ ಕೊಳವೆಗೆ ಬಡಿಯಿತು. ಬೆಂಕಿ ಎರಡು ತಾಸಿನಲ್ಲಿ ಪ್ಲಾಟ್‌ಫಾರ್ಮನ್ನು ನುಂಗಿತು. 22 ಜನ ಸತ್ತರು, 362 ಜನ ಬದುಕಿದರು. ಹಡಗು ಬಿಟ್ಟು ಉಳಿದವರೆಲ್ಲ ಇಳಿದಾಗ ಆರು ಮುಳುಗುಗಾರರು ಒತ್ತಡದ ಕೋಣೆಯೊಳಗೇ ಉಳಿದರು. ಬಾಗಿಲು ತೆರೆದರೆ ಸಾವು. 36 ತಾಸಿನ ಬಳಿಕ ಅವರನ್ನು ಪಾರುಮಾಡಲಾಯಿತು. ಹಡಗು ಆಗಸ್ಟ್ 1ರಂದು ಮುಳುಗಿತು. ಉಸಿರನ್ನು ಯಂತ್ರಕ್ಕೆ ಒಪ್ಪಿಸಿದವನಿಗೆ ಆ ಯಂತ್ರದ ಸುತ್ತಲಿನ ಮನುಷ್ಯರು ಎಷ್ಟು ಮುಖ್ಯ ಎಂಬುದನ್ನು ಮುಂಬೈ ಆ ಎರಡು ದಿನಗಳಲ್ಲಿ ಕಂಡಿತು.

ಹವ್ಯಾಸಿಗಳ ಕೈಗೆ ಇಂಥ ಯಂತ್ರ ಬಂದದ್ದು ತಡವಾಗಿ. 1968ರಲ್ಲಿ ವಾಲ್ಟರ್ ಸ್ಟಾರ್ಕ್ ರೂಪಿಸಿದ ಎಲೆಕ್ಟ್ರೊಲಂಗ್ ಆಮ್ಲಜನಕವನ್ನು ಸೆನ್ಸರಿನಿಂದ ಅಳೆದು ತಾನೇ ತುಂಬುತ್ತಿತ್ತು. 1995ರ ಹೊತ್ತಿಗೆ ಜರ್ಮನಿಯ ಡ್ರೇಗರ್ ಕಂಪನಿಯ ಅಟ್ಲಾಂಟಿಸ್ ಬಂತು; ಅದು ಉಸಿರಿನ ಒಂದು ಪಾಲನ್ನು ಹೊರಬಿಡುವ ಅರೆಮುಚ್ಚಿದ ಮಾದರಿ. 1997ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನ ಎಪಿ ವಾಲ್ವ್ಸ್ ಕಂಪನಿ ಇನ್‌ಸ್ಪಿರೇಶನ್ ಎಂಬ ಪೂರ್ಣ ಕ್ಲೋಸ್ಡ್ ಸರ್ಕ್ಯೂಟನ್ನು ದೊಡ್ಡ ಪ್ರಮಾಣದಲ್ಲಿ ಮಾರಿತು. ಆ ಮೇಲೆ ಕೆನಡಾದ ಕಿಸ್, ಬೆಲ್ಜಿಯಮಿನ ರೆವೊ, ಡೆನ್ಮಾರ್ಕಿನ ಜೆಜೆ, ಸ್ವೀಡನ್ನಿನ ಪೊಸೈಡನ್ ಕಂಪನಿಯ ಮಾರ್ಕ್ 6 ಸಾಲಾಗಿ ಬಂದವು.

ಲಾಭದ ಲೆಕ್ಕ ಸರಳ. 30 ಮೀಟರು ಆಳದಲ್ಲಿ ಸಾಧಾರಣ ಸಿಲಿಂಡರಿನವನು ನಿಮಿಷಕ್ಕೆ ಸುಮಾರು 80 ಲೀಟರು ಗಾಳಿ ಖರ್ಚು ಮಾಡುತ್ತಾನೆ. ಅದರಲ್ಲಿನ ಆಮ್ಲಜನಕದಲ್ಲಿ ಮೈ ಬಳಸುವುದು ನೂರಕ್ಕೆ ಆರರಿಂದ ಒಂಬತ್ತು ಪಾಲು, ಉಳಿದದ್ದು ಗುಳ್ಳೆ. 12 ಲೀಟರಿನ ಸಿಲಿಂಡರು ಅರ್ಧ ತಾಸಿಗೆ ಬರಿದು. ರೀಬ್ರೀದರಿನವನಿಗೆ ಯಾವ ಆಳದಲ್ಲೂ ಬೇಕಾದದ್ದು ನಿಮಿಷಕ್ಕೆ ಒಂದು, ಒಂದೂವರೆ ಲೀಟರು ಆಮ್ಲಜನಕ. ಮೂರು ಲೀಟರಿನ ಬುರುಡೆ ಆರು ತಾಸಿಗೂ ಮಿಕ್ಕೀತು. ಮೊದಲು ಮುಗಿಯುವುದು ಸೋಡಾ ಸುಣ್ಣ. ಎರಡೂವರೆ ಕಿಲೋ ಸುಣ್ಣ ಸುಮಾರು ಮೂರು ತಾಸಿಗೆ.

ಯಂತ್ರಗಳ ನಡುವಿನ ವ್ಯತ್ಯಾಸವೆಲ್ಲ ಕಾವಲು ಯಾರದು ಎಂಬುದರಲ್ಲಿದೆ. ಇನ್‌ಸ್ಪಿರೇಶನ್, ಜೆಜೆಯಂಥವುಗಳಲ್ಲಿ ಮೂರು ಆಮ್ಲಜನಕ ಸೆನ್ಸರುಗಳ ಮಾತು ಕೇಳಿ ವಿದ್ಯುತ್ ಕವಾಟ ತಾನೇ ಆಮ್ಲಜನಕ ಬಿಡುತ್ತದೆ. ಕಿಸ್ ಮಾದರಿಯಲ್ಲಿ ಸಣ್ಣ ರಂಧ್ರದಿಂದ ಒಂದೇ ಹದದಲ್ಲಿ ಆಮ್ಲಜನಕ ಹರಿಯುತ್ತಿರುತ್ತದೆ, ಉಳಿದದ್ದನ್ನು ಮುಳುಗುಗಾರ ಮೀಟರು ನೋಡಿ ಗುಂಡಿ ಒತ್ತಿ ತುಂಬಬೇಕು. ಕೆಡುವ ಭಾಗ ಕಡಿಮೆ, ಆದರೆ ಗಮನ ಒಂದು ಗಳಿಗೆಯೂ ಸಡಿಲಾಗುವಂತಿಲ್ಲ. ಪೊಸೈಡನ್ ಎರಡೇ ಸೆನ್ಸರಿಟ್ಟು ಯಂತ್ರವೇ ಅವನ್ನು ಪರೀಕ್ಷಿಸಿಕೊಳ್ಳುವ ದಾರಿ ಹಿಡಿಯಿತು, ಸುಣ್ಣವನ್ನೂ ಸಿದ್ಧ ಕಾರ್ಟ್ರಿಜ್‌ನಲ್ಲಿ ಕೊಟ್ಟಿತು. ರೆವೊದಲ್ಲಿ ಸುಣ್ಣದ ಡಬ್ಬಿ ಎರಡು. ಒಂದು ದಣಿದರೆ ಇನ್ನೊಂದು ಹೊಸದು. ಇನ್‌ಸ್ಪಿರೇಶನಿನ ಮುಂದಿನ ಮಾದರಿಗಳು ಸುಣ್ಣದ ಬಿಸಿಯನ್ನೇ ಅಳೆದು ಎಲ್ಲಿಯವರೆಗೆ ಕೆಲಸ ಮಾಡುತ್ತಿದೆ ಎಂದು ತೋರಿಸುತ್ತವೆ.

ಬೆಲೆ ಮಾದರಿಗೆ ತಕ್ಕಂತೆ ಸ್ಥೂಲವಾಗಿ 5,000ದಿಂದ 10,000 ಡಾಲರ್, ಅಂದರೆ ನಾಲ್ಕೂವರೆಯಿಂದ ಒಂಬತ್ತು ಲಕ್ಷ ರೂಪಾಯಿಯ ಆಸುಪಾಸು. ಅದು ಆರಂಭ ಮಾತ್ರ. ತರಬೇತಿ ಪ್ರತಿ ಮಾದರಿಗೂ ಬೇರೆ, ಸೆನ್ಸರುಗಳನ್ನು ವರ್ಷಕ್ಕೊಮ್ಮೆ ಬದಲಿಸಬೇಕು, 20 ಕಿಲೋದ ಸುಣ್ಣದ ಡ್ರಮ್ಮು ಎಂಟು ಭರ್ತಿಗೆ ಮುಗಿಯುತ್ತದೆ. ಮುಂಬೈಯವನಿಗೆ ಇನ್ನೂ ಕೆಲವು ತೊಡಕುಗಳಿವೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ವಿದೇಶಿ ಸಿಲಿಂಡರಿಗೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ (ಪೆಸೊ) ಒಪ್ಪಿಗೆ ಬೇಕು. ತುಂಬಿದ ಆಮ್ಲಜನಕದ ಬುರುಡೆಯನ್ನು ವಿಮಾನಕ್ಕೇರಿಸುವಂತಿಲ್ಲ. ಸೋಡಾ ಸುಣ್ಣ ಆಸ್ಪತ್ರೆಗಳ ಅರಿವಳಿಕೆ ಯಂತ್ರಗಳಲ್ಲೂ ಬಳಕೆಯಾಗುವ ವಸ್ತುವಾದರೂ ಮುಳುಗುಗಾರನಿಗೆ ಬೇಕಾದ ಕಣದ ಗಾತ್ರ, ತೇವಾಂಶ ಬೇರೆ; ಸಿಕ್ಕಿದ್ದನ್ನು ತುಂಬುವಂತಿಲ್ಲ. ಒತ್ತಡದ ಕಾಯಿಲೆಗೆ ಚಿಕಿತ್ಸೆ ಕೊಡಬಲ್ಲ ಕೋಣೆ ಕೊಲಾಬಾದ ನೌಕಾಪಡೆ ಆಸ್ಪತ್ರೆ ಅಶ್ವಿನಿಯಲ್ಲಿದೆ. ಆದರೆ ಮುಳುಗುವ ಜಾಗಗಳೆಲ್ಲ ಅಲ್ಲಿಂದ ನೂರಾರು ಕಿಲೋಮೀಟರು ದೂರ.

ಪಟ್ಟಿಯಲ್ಲಿ ಬರೆಯಲೇಬೇಕಾದ ಇನ್ನೊಂದು ಬೆಲೆಯಿದೆ. ಆಸ್ಟ್ರೇಲಿಯದ ವೈದ್ಯ ಆಂಡ್ರ್ಯೂ ಫಾಕ್ 1998ರಿಂದ 2010ರವರೆಗಿನ ದಾಖಲೆ ಪರಿಶೀಲಿಸಿ, ಹವ್ಯಾಸಿಗಳ ಕ್ಲೋಸ್ಡ್ ಸರ್ಕ್ಯೂಟ್ ಮುಳುಗುಗಳಲ್ಲಿ 181 ಸಾವು ಗುರುತಿಸಿದರು. ಸಾಧಾರಣ ಸಿಲಿಂಡರಿಗಿಂತ ಅಪಾಯ ಹೆಚ್ಚುಕಡಿಮೆ ಹತ್ತು ಪಟ್ಟು ಎಂಬುದು ಅವರ ಅಂದಾಜು. ಸಿಲಿಂಡರಿನಲ್ಲಿ ಗಾಳಿ ಮುಗಿದರೆ ಎದೆಗೆ ತಕ್ಷಣ ಗೊತ್ತಾಗುತ್ತದೆ. ರೀಬ್ರೀದರಿನಲ್ಲಿ ಆಮ್ಲಜನಕ ತಗ್ಗಿದರೆ ಉಸಿರು ಸರಾಗವಾಗೇ ಇದ್ದು, ಪ್ರಜ್ಞೆ ಮಾತ್ರ ತಪ್ಪುತ್ತದೆ. ಆದ್ದರಿಂದ ತುರ್ತಿಗೆ ಬೇರೆ ಸಿಲಿಂಡರು ಹೊರುವುದು, ಇಳಿಯುವ ಮೊದಲು ಪಟ್ಟಿ ಓದಿ ಒಂದೊಂದೇ ಭಾಗ ಪರೀಕ್ಷಿಸುವುದು, ಸೆನ್ಸರನ್ನು ಹೇಳಿದ ದಿನಕ್ಕೇ ಎಸೆಯುವುದು, ಇವೆಲ್ಲ ಯಂತ್ರದ ಬೆಲೆಯ ಭಾಗವೇ. ದುಡ್ಡು ಸಾಲದಿದ್ದರೆ ಕಡಿತ ಮಾಡಬೇಕಾದದ್ದು ಮಾದರಿಯ ಸೊಗಸಿನಲ್ಲಿ, ತರಬೇತಿಯಲ್ಲಲ್ಲ.

ಹಾಗಾದರೆ ಮುಂಬೈಯ ಹವ್ಯಾಸಿ ಕೊಳ್ಳಬೇಕೇ? ಅವನ ಹತ್ತಿರದ ನೀರು ಮಾಲ್ವಣ, ನೇತ್ರಾಣಿ. ಮಳೆಗಾಲದಲ್ಲಿ ಎರಡೂ ಕಡೆ ಮುಳುಗು ಬಂದ್. ಅಲ್ಲಿ ಜನ ನೋಡುವ ಹವಳ, ಬಂಡೆಗಳು ಹೆಚ್ಚಾಗಿ 20 ಮೀಟರಿನೊಳಗೇ ಇರುವುದರಿಂದ ಬಾಡಿಗೆಯ ಒಂದು ಸಿಲಿಂಡರು ಮುಕ್ಕಾಲು ತಾಸು ಧಾರಾಳ ತೋರಿಸುತ್ತದೆ. ಅಷ್ಟಕ್ಕೆ ಲಕ್ಷಗಟ್ಟಲೆ ಸುರಿಯುವ ಅಗತ್ಯವಿಲ್ಲ. ಯಂತ್ರ ತನ್ನ ಬೆಲೆಗೆ ನ್ಯಾಯ ಸಲ್ಲಿಸುವುದು 40 ಮೀಟರಿನಾಚೆಯ ಮುಳುಗಿದ ಹಡಗುಗಳಲ್ಲಿ, ಗುಳ್ಳೆಗೆ ಬೆದರುವ ಮೀನಿನ ಸಮೀಪ ಕ್ಯಾಮೆರಾ ಹಿಡಿದು ತಾಸುಗಟ್ಟಲೆ ಕಾಯುವವರಲ್ಲಿ, ವರ್ಷಕ್ಕೆ ಹತ್ತಾರು ದಿನ ಅದೇ ಯಂತ್ರದಲ್ಲಿ ನೀರಿಗಿಳಿದು ಕೈ ಪಳಗಿಸಿಕೊಳ್ಳಬಲ್ಲವರಲ್ಲಿ. ವರ್ಷಕ್ಕೆರಡು ಸಲ ರಜೆಯಲ್ಲಿ ಮುಳುಗುವವರು ಆ ಹಣದಲ್ಲಿ ಲಕ್ಷದ್ವೀಪಕ್ಕೂ ಅಂಡಮಾನಿಗೂ ಹಲವು ಸಲ ಹೋಗಿ ಬರಬಹುದು. ಸಿಲಿಂಡರನ್ನು ಅಲ್ಲಿನ ಡೈವಿಂಗ್ ಕೇಂದ್ರಗಳೇ ತುಂಬಿಸಿಕೊಡುತ್ತವೆ.